ಗಡಿಯಾರಗಳು ಒಮ್ಮತಕ್ಕೆ ಬರುವುದೆಂತು?

ನಮ್ಮ ಈ ಮುಂಬಯಿ ನಗರದಲ್ಲಿ ಹಿಂದೆ ಬಹುಕಾಲ ಎರಡು ಬಗೆಯ ವೇಳೆ ನಡೆಯುತ್ತಿತ್ತೆಂಬ ಸಂಗತಿ ನಿಮ್ಮಲ್ಲಿ ಅನೇಕರಿಗೆ ಹೊಸದಾಗಿರಬಹುದು. ೧೯೦೬ನೆಯ ಇಸವಿಯ ಜನವರಿ ೧ರಿಂದ ಹಿಂದೂಸ್ಥಾನಕ್ಕೆಲ್ಲ ಒಂದೇ ಪ್ರಮಾಣಕಾಲವು ಜಾರಿಗೆ ಬಂದಿತು. ಅದು ಗ್ರೀನಿಚ್ಚಿನ ವೇಳೆಗಿಂತ ೫ ಗಂಟೆ ೩೦ ನಿಮಿಷ ಮುಂದು. ಮುಂಬಯಿಯ ಸ್ಥಳೀಯ ವೇಳೆಯಾದರೋ ಗ್ರೀನಿಚ್ಚಿಗಿಂತ ೪ ಗಂಟೆ ೫೧ ನಿಮಿಷ ಮಾತ್ರ ಮುಂದಾಗಿತ್ತು. ನಗರವು ತನ್ನ ಹಳೆಯ ವೇಳೆಯನ್ನು ಸುಲಭವಾಗಿ ಬಿಟ್ಟುಕೊಡಲಿಲ್ಲ. ೧೯೫೫ರವರೆಗೂ ಅದು ಇಲ್ಲಿ ಬಳಕೆಯಲ್ಲಿ ಉಳಿದಿತ್ತು. ಒಂದರ ಪ್ರಕಾರ ೧೦ ಗಂಟೆಯಾದಾಗ ಇನ್ನೊಂದರ ಪ್ರಕಾರ ೯ ಗಂಟೆ ೨೧ ನಿಮಿಷ! ಯಾವ ಗಡಿಯಾರವೂ ಕೆಟ್ಟಿರಲಿಲ್ಲ. ಆದರೂ ಊರಿಗೆ ಒಂದು ವೇಳೆ ಇರಲಿಲ್ಲ.

ಆ ೩೯ ನಿಮಿಷಗಳ ವಿವಾದವೇನೋ ಮುಗಿದುಹೋಯಿತು. ಅದಕ್ಕಿಂತ ಎಷ್ಟೋ ಪಾಲು ಸೂಕ್ಷ್ಮವಾದ ಇನ್ನೊಂದು ವಿವಾದವು ನಮ್ಮ ಸುತ್ತಲೂ ಹಗಲಿರುಳೂ ನಡೆದಿದೆ. ನಮ್ಮ ಕಿವಿಗೆ ಮಾತ್ರ ಕೇಳಿಸದು. ತಂತಿಯ ಹಂಗಿಲ್ಲದೆ ರೇಡಿಯೋ ಅಲೆಗಳ ಮೂಲಕ ಒಂದರೊಡನೊಂದು ಮಾತನಾಡುವ ಯಂತ್ರಗಳ ಸಮೂಹಕ್ಕೆ ನಿಸ್ತಂತು ಜಾಲವೆಂದು ಹೆಸರು. ಮೊಬೈಲ್ ಫೋನುಗಳೂ ಅವುಗಳ ಗೋಪುರಗಳೂ ಕೂಡಿ ಇಂಥದೊಂದು ಜಾಲ. ಸೇತುವೆಯ ನಡುಕವನ್ನೋ ಜ್ವಾಲಾಮುಖಿಯ ಗುಡುಗನ್ನೋ ಅಳೆಯಲೆಂದು ಅಲ್ಲಲ್ಲಿ ಇಟ್ಟ ಚಿಕ್ಕ ಚಿಕ್ಕ ಪೆಟ್ಟಿಗೆಗಳು ಇನ್ನೊಂದು ಬಗೆಯ ಜಾಲ. ಇವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಆದ ಗಡಿಯಾರವುಂಟು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂಬಂತೆ ಒಂದೊಂದು ಗಡಿಯಾರವೂ ತನ್ನ ಹಾದಿಯನ್ನು ಹಿಡಿಯುತ್ತದೆ. ಅವುಗಳನ್ನು ಒಮ್ಮತಕ್ಕೆ ತರುವ ಬಗೆ ಯಾವುದು, ಅದು ಏಕೆ ಅಷ್ಟು ಕಷ್ಟ, ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಗಡಿಯಾರದ ಒಳಗೆ ಇಣಿಕಿ ನೋಡಬೇಕು. ಇಂದಿನ ಕೈಗಡಿಯಾರ ಗೋಡೆಗಡಿಯಾರಗಳಲ್ಲಿ ಬಹುಪಾಲು ನಡೆಯುವುದು ಬೆಣಚುಕಲ್ಲಿನ ಪುಟ್ಟದೊಂದು ಹರಳಿನಿಂದ. ಮೇಲೆ ಹೇಳಿದ ಪೆಟ್ಟಿಗೆಗಳ ಹೃದಯವೂ ಅಂಥದೇ. ಶ್ರುತಿಕವೆಯ ಆಕಾರಕ್ಕೆ ಕತ್ತರಿಸಿದ ಈ ಹರಳಿಗೆ ವಿದ್ಯುತ್ತನ್ನು ಕೊಟ್ಟರೆ ಅದು ಸೆಕೆಂಡಿಗೆ ೩೨,೭೬೮ ಸಲ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆಯೇ ಏಕೆ? ಗಣಿತದಲ್ಲಿ ಚುರುಕಾದವರು ಅದನ್ನು ಎರಡರಿಂದ ಭಾಗಿಸುತ್ತ ಹೋಗಲಿ: ೧೬,೩೮೪, ೮,೧೯೨, ೪,೦೯೬, ಹೀಗೆ. ಸರಿಯಾಗಿ ಹದಿನೈದನೆಯ ಸಲಕ್ಕೆ ಉತ್ತರ ಒಂದು! ಅರ್ಧ ಮಾಡುವುದೊಂದನ್ನೇ ಬಲ್ಲ ಹದಿನೈದು ಸರಳ ಏರ್ಪಾಡುಗಳನ್ನು ಸಾಲಾಗಿ ಜೋಡಿಸಿದರೆ ಸಾಕು, ಕೊನೆಯಲ್ಲಿ ಸೆಕೆಂಡಿಗೊಂದು ಮಿಡಿತವು ದೊರೆಯುತ್ತದೆ.

ಆದರೆ ಕಾರ್ಖಾನೆಯಲ್ಲಿ ಒಂದೇ ದಿನ ಕತ್ತರಿಸಿದ ಎರಡು ಹರಳುಗಳೂ ತದ್ರೂಪವಾಗಿರಲಾರವು. ಸಾಧಾರಣವಾದ ಹರಳು ದಶಲಕ್ಷ ಮಿಡಿತಗಳಲ್ಲಿ ೨೦ರಷ್ಟು ಹೆಚ್ಚುಕಡಿಮೆ ಮಾಡೀತು. ಇದೇನು ಮಹಾ ಎನ್ನಬೇಡಿ. ದಿನಕ್ಕೆ ೮೬,೪೦೦ ಸೆಕೆಂಡುಗಳು. ಅಂದಮೇಲೆ ದಿನವೊಂದರಲ್ಲಿ ಸುಮಾರು ಒಂದೂ ಮುಕ್ಕಾಲು ಸೆಕೆಂಡಿನ ತಪ್ಪು, ತಿಂಗಳಲ್ಲಿ ಮುಕ್ಕಾಲು ನಿಮಿಷಕ್ಕೂ ಮೀರಿದ ತಪ್ಪು. ಇದರ ಮೇಲೆ ಹವೆಯ ಕಾಟ ಬೇರೆ. ಈ ಬಗೆಯ ಹರಳು ಸುಮಾರು ೨೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಅತಿ ವೇಗವಾಗಿ ಮಿಡಿಯುತ್ತದೆ. ಸೆಕೆ ಹೆಚ್ಚಿದರೂ ನಿಧಾನ, ಚಳಿ ಹೆಚ್ಚಿದರೂ ನಿಧಾನ. ೪೫ ಡಿಗ್ರಿಯ ಬಿಸಿಲಿಗೆ ಸಿಕ್ಕ ಗಡಿಯಾರವು ಅದೊಂದೇ ಕಾರಣದಿಂದ ದಿನಕ್ಕೆ ಒಂದು ಸೆಕೆಂಡಿಗಿಂತ ಹೆಚ್ಚು ಹಿಂದೆ ಬೀಳುತ್ತದೆ.

ಆದುದರಿಂದ ಗಡಿಯಾರದ ತಪ್ಪುಗಳಲ್ಲಿ ಎರಡು ಜಾತಿಯೆಂದು ತಿಳಿಯಬೇಕು. ಈ ಕ್ಷಣದಲ್ಲಿ ಎರಡು ಗಡಿಯಾರಗಳ ನಡುವೆ ಇರುವ ವ್ಯತ್ಯಾಸ ಒಂದು. ಅದನ್ನು ವೇಳೆಯ ಅಂತರವೆನ್ನೋಣ. ಆ ವ್ಯತ್ಯಾಸವು ಕ್ಷಣಕ್ಷಣಕ್ಕೂ ಬೆಳೆಯುತ್ತ ಹೋಗುವುದು ಇನ್ನೊಂದು. ಅದು ನಡಿಗೆಯ ಅಂತರ. ಇಂದು ಮುಳ್ಳನ್ನು ತಿರುಗಿಸಿ ಸರಿಮಾಡಿದರೆ ಮೊದಲನೆಯದು ಅಳಿಯುತ್ತದೆ, ಎರಡನೆಯದು ಅಳಿಯುವುದಿಲ್ಲ. ನಾಳೆ ಬೆಳಗ್ಗೆ ಮತ್ತೆ ಅದೇ ಕಥೆ.

ದಿನಕ್ಕೆ ಒಂದೂ ಮುಕ್ಕಾಲು ಸೆಕೆಂಡಿನಿಂದ ಯಾರಿಗೇನು ನಷ್ಟವೆಂದು ನೀವು ಕೇಳಬಹುದು. ಶಾಲೆಯ ಗಂಟೆಗಾಗಲಿ ಲೋಕಲ್ ಗಾಡಿಗಾಗಲಿ ಅದರಿಂದ ಬಾಧಕವಿಲ್ಲವೆಂಬುದು ನಿಜ. ಬ್ಯಾಟರಿಯ ಮೇಲೆ ತಿಂಗಳುಗಟ್ಟಲೆ ಬದುಕಬೇಕಾದ ಪೆಟ್ಟಿಗೆಗಳ ಪಾಡು ಬೇರೆ. ಅವುಗಳಲ್ಲಿ ಹೆಚ್ಚು ವಿದ್ಯುತ್ತನ್ನು ನುಂಗುವ ಭಾಗಗಳಲ್ಲಿ ರೇಡಿಯೋ ಮುಖ್ಯವಾದುದು. ಸುಮ್ಮನೆ ಕಿವಿಗೊಟ್ಟು ಕುಳಿತರೂ ಅದಕ್ಕೆ ಖರ್ಚು ತಪ್ಪದು. ಆ ಕಾರಣ ಅವು ಹೆಚ್ಚು ಹೊತ್ತು ರೇಡಿಯೋವನ್ನು ಆರಿಸಿ ಮಲಗಿದ್ದು, ಗೊತ್ತಾದ ಕ್ಷಣಕ್ಕೆ ಎದ್ದು, ಎರಡು ಮಾತನಾಡಿ ಮತ್ತೆ ಮಲಗುತ್ತವೆ. ಸೆಕೆಂಡಿಗೊಮ್ಮೆ ಹತ್ತು ಮಿಲಿಸೆಕೆಂಡು, ಎಂದರೆ ಸೆಕೆಂಡಿನ ನೂರರಲ್ಲೊಂದು ಪಾಲು, ಮಾತ್ರ ಎಚ್ಚರವಿರುವುದೆಂದು ಎರಡು ಪೆಟ್ಟಿಗೆಗಳು ಒಪ್ಪಂದ ಮಾಡಿಕೊಂಡಿವೆ ಎನ್ನಿ. ಒಂದರ ಹರಳು ದಶಲಕ್ಷಕ್ಕೆ ೨೦ ಮುಂದೆ, ಇನ್ನೊಂದರದು ೨೦ ಹಿಂದೆ. ಸೆಕೆಂಡಿಗೆ ೪೦ ಮೈಕ್ರೊಸೆಕೆಂಡುಗಳಂತೆ ಅವು ಅಗಲುತ್ತ ಹೋಗುತ್ತವೆ. ಸೆಕೆಂಡಿನ ದಶಲಕ್ಷದಲ್ಲೊಂದು ಭಾಗವೇ ಮೈಕ್ರೊಸೆಕೆಂಡು. ೨೫೦ ಸೆಕೆಂಡು, ಎಂದರೆ ಸುಮಾರು ನಾಲ್ಕು ನಿಮಿಷ ಕಳೆಯುವಷ್ಟರಲ್ಲಿ ಅಂತರವು ಪೂರಾ ಹತ್ತು ಮಿಲಿಸೆಕೆಂಡಿಗೆ ಮುಟ್ಟುತ್ತದೆ. ಅಲ್ಲಿಂದ ಮುಂದೆ ಒಂದು ಎದ್ದಾಗ ಇನ್ನೊಂದು ಮಲಗಿರುತ್ತದೆ. ಎರಡೂ ನೆಟ್ಟಗಿವೆ, ಎರಡೂ ಮಾತಿಗೆ ತಪ್ಪಿಲ್ಲ. ಭೇಟಿ ಮಾತ್ರ ಇಲ್ಲ.

ಹಾಗಾದರೆ ದೂರದಲ್ಲಿರುವ ಎರಡು ಗಡಿಯಾರಗಳನ್ನು ಹೋಲಿಸುವುದು ಹೇಗೆ? ಲೆಕ್ಕವೊಂದನ್ನು ಮಾಡಿ ನೋಡಿ. ಪಕ್ಕದ ಬೀದಿಯಲ್ಲಿರುವ ಗೆಳೆಯನ ಮನೆಗೆ ನಿಮ್ಮ ತಮ್ಮನ ಕೈಯಲ್ಲಿ ಒಂದು ಚೀಟಿ ಕಳಿಸುತ್ತೀರಿ. ಹೊರಟಾಗ ನಿಮ್ಮ ಗಡಿಯಾರದಲ್ಲಿ ೧೦ ಗಂಟೆ; ಅದನ್ನು ಚೀಟಿಯಲ್ಲಿ ಬರೆದಿದ್ದೀರಿ. ಚೀಟಿ ಮುಟ್ಟಿದಾಗ ಗೆಳೆಯನ ಗಡಿಯಾರದಲ್ಲಿ ೧೦ ಗಂಟೆ ೯ ನಿಮಿಷ. ಅವನು ಅದನ್ನು ಬರೆದು, ೧೦ ಗಂಟೆ ೧೧ ನಿಮಿಷಕ್ಕೆ ತಮ್ಮನನ್ನು ಹಿಂದಕ್ಕೆ ಕಳಿಸುತ್ತಾನೆ. ತಮ್ಮ ಮನೆ ಸೇರಿದಾಗ ನಿಮ್ಮ ಗಡಿಯಾರದಲ್ಲಿ ೧೦ ಗಂಟೆ ೧೦ ನಿಮಿಷ. ಹೊರಟದ್ದಕ್ಕಿಂತ ಮೊದಲೇ ಬಂದು ಸೇರಿದ! ಇದು ಜಾದುವೇನೂ ಅಲ್ಲ. ಹೋಗುವಾಗ ೯ ನಿಮಿಷ ಕಂಡಿತು. ಅದರಲ್ಲಿ ದಾರಿಯ ವೇಳೆಯೂ ಗಡಿಯಾರಗಳ ಅಂತರವೂ ಕೂಡಿವೆ. ಬರುವಾಗ ಒಂದು ನಿಮಿಷ ಕಡಿಮೆ ಕಂಡಿತು; ಅಲ್ಲಿ ದಾರಿಯ ವೇಳೆಯಿಂದ ಅಂತರವು ಕಳೆದುಹೋಗಿದೆ. ಎರಡನ್ನೂ ಕೂಡಿಸಿದರೆ ೮. ಅದರ ಅರ್ಧ, ೪ ನಿಮಿಷ, ಒಂದು ಕಡೆಯ ದಾರಿ. ಒಂದರಿಂದ ಇನ್ನೊಂದನ್ನು ಕಳೆದರೆ ೧೦. ಅದರ ಅರ್ಧ, ೫ ನಿಮಿಷ, ಗೆಳೆಯನ ಗಡಿಯಾರ ಮುಂದಿರುವ ಪ್ರಮಾಣ. ಒಬ್ಬ ಹುಡುಗನ ಒಂದು ಓಡಾಟದಿಂದ ಗೊತ್ತಿಲ್ಲದ ಎರಡು ಸಂಗತಿಗಳೂ ಗೊತ್ತಾದವು.

ಅಂತರ್ಜಾಲದ ಗಣಕಯಂತ್ರಗಳು ಇಂದಿಗೂ ವೇಳೆಯನ್ನು ಕೇಳಿ ತಿಳಿಯುವುದು ಈ ಲೆಕ್ಕದಿಂದಲೇ. ಅದಕ್ಕೆ ಕ್ರಮವಾದ ನಿಯಮಗಳನ್ನು ಕಟ್ಟಿ ೧೯೮೫ರಲ್ಲಿ ಪ್ರಕಟಿಸಿದವರು ಅಮೆರಿಕದ ಡೇವಿಡ್ ಮಿಲ್ಸ್ ಎಂಬವರು.

ಆದರೆ ಈ ಲೆಕ್ಕದ ಬುಡದಲ್ಲಿ ಒಂದು ನಂಬಿಕೆ ಅಡಗಿದೆ: ಹೋಗುವ ವೇಳೆಯೂ ಬರುವ ವೇಳೆಯೂ ಸಮಾನವೆಂಬುದು. ಗೆಳೆಯನ ಮನೆ ಗುಡ್ಡದ ಮೇಲಿದ್ದು, ಏರುವುದಕ್ಕೆ ೬ ನಿಮಿಷ, ಇಳಿಯುವುದಕ್ಕೆ ೨ ನಿಮಿಷ ಹಿಡಿದರೆ? ಓಡಾಟದ ಒಟ್ಟು ವೇಳೆ ಮೊದಲಿನಂತೆ ೮ ನಿಮಿಷವೇ. ಲೆಕ್ಕ ಮಾತ್ರ ಅಂತರವನ್ನು ೫ರ ಬದಲು ೭ ಎಂದು ತೋರಿಸುತ್ತದೆ. ಕಾಗದದ ಮೇಲೆ ಮಾಡಿ ನೋಡಿ. ಹೋಗಿಬರುವ ವೇಳೆಗಳ ವ್ಯತ್ಯಾಸದಲ್ಲಿ ಅರ್ಧದಷ್ಟು ತಪ್ಪು ಉತ್ತರದೊಳಗೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಅದನ್ನು ಈ ನಾಲ್ಕು ಅಂಕೆಗಳಿಂದ ಕಂಡುಹಿಡಿಯಲು ಸಾಧ್ಯವೇ ಇಲ್ಲ. ತಡವಾಗುವುದು ದೋಷವಲ್ಲ, ಎಷ್ಟು ತಡವೆಂಬುದು ತಿಳಿಯದಿರುವುದೇ ದೋಷ. ಮುಂದಿನದೆಲ್ಲವೂ ಈ ಒಂದು ಮಾತಿನ ಸುತ್ತ ತಿರುಗುತ್ತದೆ.

ನಿಸ್ತಂತು ಜಾಲದಲ್ಲಿ ಈ ತಿಳಿಯದ ತಡ ಎಲ್ಲಿಂದ ಬರುತ್ತದೆ? ರೇಡಿಯೋ ಅಲೆಯ ಪ್ರಯಾಣದಿಂದಲ್ಲ. ಅದು ಬೆಳಕಿನ ವೇಗದಲ್ಲಿ ಓಡುವುದರಿಂದ ೩೦೦ ಮೀಟರ್ ದೂರಕ್ಕೆ ಕೇವಲ ಒಂದು ಮೈಕ್ರೊಸೆಕೆಂಡು ಸಾಕು. ತಡವೆಲ್ಲ ಹೊರಡುವುದಕ್ಕೆ ಮುಂಚೆಯೇ. ಆಕಾಶವೆಂಬುದು ಎಲ್ಲರಿಗೂ ಸೇರಿದ ಒಂದೇ ಬಯಲು. ಇಬ್ಬರು ಏಕಕಾಲಕ್ಕೆ ಕೂಗಿದರೆ ಯಾರ ಮಾತೂ ತಿಳಿಯದು. ಆದಕಾರಣ ಪ್ರತಿಯೊಂದು ಪೆಟ್ಟಿಗೆಯೂ ಮೊದಲು ಆಲಿಸಿ, ಬೇರೆಯವರ ಮಾತು ಮುಗಿದ ಮೇಲೆ ತನ್ನ ಮಾತನ್ನು ಆಡುತ್ತದೆ. ಈ ಕಾಯುವಿಕೆ ಒಮ್ಮೆ ಹತ್ತು ಮಿಲಿಸೆಕೆಂಡು, ಇನ್ನೊಮ್ಮೆ ಅರ್ಧ ಸೆಕೆಂಡು. ಚೀಟಿಯಲ್ಲಿ ಹತ್ತು ಗಂಟೆ ಎಂದು ಬರೆದು ಕೈಗೆ ಕೊಟ್ಟಿರಿ. ತಮ್ಮ ಬಾಗಿಲಲ್ಲಿ ಗೋಲಿಯಾಡುತ್ತ ನಿಂತ! ಅಲೆಯ ಪಯಣ ಒಂದು ಮೈಕ್ರೊಸೆಕೆಂಡು, ಬಾಗಿಲಲ್ಲಿನ ಕಾಯುವಿಕೆ ಅದರ ಐದು ಲಕ್ಷ ಪಾಲು.

ಇದನ್ನು ಗೆಲ್ಲಲು ಪಂಡಿತರು ಹೂಡಿದ ಉಪಾಯಗಳು ಹಲವು. ನನ್ನ ಮನಸ್ಸಿಗೆ ಹಿಡಿಸಿದ ಎರಡನ್ನು ಮಾತ್ರ ಹೇಳುತ್ತೇನೆ.

೨೦೦೨ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಲ್ಸನ್, ಗಿರೋಡ್, ಎಸ್ಟ್ರಿನ್ ಎಂಬ ಮೂವರು ಕಳಿಸುವವನ ಗಡಿಯಾರವನ್ನೇ ಲೆಕ್ಕದಿಂದ ಹೊರಗೆ ಹಾಕಿದರು. ರಾಜಾಬಾಯಿ ಗೋಪುರದ ಗಂಟೆ ಬಾರಿಸಿತೆನ್ನಿ. ಗಂಟೆ ತಡವಾಗಿ ಬಾರಿಸಿರಬಹುದು, ತಪ್ಪಾಗಿಯೂ ಬಾರಿಸಿರಬಹುದು. ಅದರ ಗೊಡವೆ ನಮಗೆ ಬೇಡ. ಗೋಪುರದ ಕೆಳಗೆ ನಿಂತ ಇಬ್ಬರು ಹುಡುಗರು ಸದ್ದು ಕೇಳಿದೊಡನೆ ತಮ್ಮ ತಮ್ಮ ಗಡಿಯಾರವನ್ನು ನೋಡಿ, ಬಳಿಕ ಒಬ್ಬರಿಗೊಬ್ಬರು ಹೇಳಿಕೊಂಡರೆ ಅವರಿಬ್ಬರ ಅಂತರವು ತಿಳಿದುಹೋಯಿತು. ಅವರಲ್ಲೊಬ್ಬನು ಓವಲ್ ಮೈದಾನದಲ್ಲಿ ೩೪೦ ಮೀಟರಿನಷ್ಟು ದೂರ ನಿಂತಿದ್ದರೆ ಸದ್ದು ಅವನಿಗೆ ಸುಮಾರು ಒಂದು ಸೆಕೆಂಡು ತಡವಾಗಿ ಕೇಳೀತು, ನಿಜ. ರೇಡಿಯೋ ಅಲೆಗೆ ಆ ತೊಡಕೂ ಇಲ್ಲ. ಹೀಗೆ ಒಂದು ಪೆಟ್ಟಿಗೆ ಸುಮ್ಮನೆ ಕೂಗು ಹಾಕುತ್ತದೆ. ಕೇಳಿದವು ತಮ್ಮೊಳಗೆ ಹೋಲಿಸಿಕೊಳ್ಳುತ್ತವೆ. ಬಾಗಿಲಲ್ಲಿ ಎಷ್ಟು ಹೊತ್ತು ಕಾದರೇನು? ಆ ತಡ ಎಲ್ಲರಿಗೂ ಒಂದೇ.

ಎರಡನೆಯ ಉಪಾಯವು ೨೦೦೪ರಲ್ಲಿ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಮಾರೋಟಿ ಮತ್ತು ಅವರ ಸಂಗಡಿಗರದು. ಅಂಚೆಯ ಕಾಗದದಲ್ಲಿ ನೀವು ಬರೆದ ತಾರೀಖಿಗಿಂತ ಅಂಚೆಕಚೇರಿಯ ಮುದ್ರೆಯ ತಾರೀಖು ಹೆಚ್ಚು ನಂಬತಕ್ಕದ್ದಲ್ಲವೆ? ಅಂತೆಯೇ ಇವರು ಸಂದೇಶವನ್ನು ಬರೆಯುವಾಗ ವೇಳೆಯನ್ನು ನಮೂದಿಸದೆ, ಕಾಯುವಿಕೆಯೆಲ್ಲ ಮುಗಿದು ಅದರ ಅಕ್ಷರಗಳು ಆಕಾಶಕ್ಕೆ ಹೊರಡುತ್ತಿರುವಾಗಲೇ ಮುದ್ರೆಯನ್ನು ಒತ್ತಿದರು. ಜಾಲದಲ್ಲಿ ಅತಿ ಚಿಕ್ಕ ಕ್ರಮಾಂಕದ ಪೆಟ್ಟಿಗೆಯೇ ಯಜಮಾನ. ಅದರ ವೇಳೆಯನ್ನು ಕೇಳಿದವು ತಮ್ಮ ನೆರೆಯವುಗಳಿಗೆ ಸಾರುತ್ತವೆ, ಅವು ಮುಂದಿನವುಗಳಿಗೆ. ಯಜಮಾನನು ಕೆಟ್ಟು ಮೌನವಾದರೆ ಮುಂದಿನ ಕ್ರಮಾಂಕದ್ದು ಪಟ್ಟಕ್ಕೆ ಬರುತ್ತದೆ. ಇನ್ನೊಂದು ಜಾಣತನವೂ ಇದರಲ್ಲುಂಟು. ಪ್ರತಿ ಪೆಟ್ಟಿಗೆಯೂ ಕಳೆದ ಎಂಟು ಸಲದ ಹೋಲಿಕೆಗಳನ್ನು ನೆನಪಿನಲ್ಲಿಟ್ಟು, ನೀವು ಆಲೇಖ ಕಾಗದದ ಮೇಲೆ ಚುಕ್ಕೆಗಳನ್ನಿಟ್ಟು ಅವುಗಳ ನಡುವೆ ಸರಳರೇಖೆಯನ್ನು ಎಳೆಯುವಂತೆ ಲೆಕ್ಕ ಹಾಕುತ್ತದೆ. ರೇಖೆಯ ಓರೆಯೇ ನಡಿಗೆಯ ಅಂತರ. ಅದು ತಿಳಿದರೆ ಮುಂದಿನ ಸಂದೇಶ ಬರುವ ತನಕ ತನ್ನ ಗಡಿಯಾರವನ್ನು ನೋಡಿಯೇ ಯಜಮಾನನ ವೇಳೆಯನ್ನು ಹೇಳಬಹುದು. ಹೀಗೆ ನೆರೆಹೊರೆಯ ಎರಡು ಪೆಟ್ಟಿಗೆಗಳ ನಡುವಣ ತಪ್ಪು ಸರಾಸರಿ ಒಂದೂವರೆ ಮೈಕ್ರೊಸೆಕೆಂಡಿಗೆ ಇಳಿಯಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಪೆಟ್ಟಿಗೆಯು ತನ್ನ ಗಡಿಯಾರದ ಮುಳ್ಳನ್ನು ಮುಟ್ಟುವುದಿಲ್ಲ. ತನ್ನದು ತನಗೆ, ಯಜಮಾನನ ವೇಳೆ ಇದಕ್ಕೆ ಹೀಗೆ ಹೊಂದುತ್ತದೆ ಎಂಬ ಲೆಕ್ಕ ಮಾತ್ರ ಬೇರೆ. ಇದರ ಬೆಲೆ ಏನೆಂಬುದು ಒಂದು ಜ್ವಾಲಾಮುಖಿಯ ಮೇಲೆ ತಿಳಿದುಬಂದಿತು.

ದಕ್ಷಿಣ ಅಮೆರಿಕದ ಈಕ್ವಡಾರ್ ದೇಶದಲ್ಲಿ ರೆವೆಂಟಡೋರ್ ಎಂಬ ಜೀವಂತ ಜ್ವಾಲಾಮುಖಿಯಿದೆ. ೨೦೦೫ನೆಯ ಆಗಸ್ಟಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಜ್ವಾಲಾಮುಖಿತಜ್ಞರೊಡನೆ ಕೂಡಿ ಅಲ್ಲಿ ಸುಮಾರು ೩ ಕಿಲೋಮೀಟರ್ ಉದ್ದಕ್ಕೆ ೧೬ ಪೆಟ್ಟಿಗೆಗಳನ್ನು ಇಟ್ಟರು. ಪ್ರತಿಯೊಂದೂ ನೆಲದ ಅದುರನ್ನೂ ಗಾಳಿಯ ಸದ್ದನ್ನೂ ಸೆಕೆಂಡಿಗೆ ನೂರು ಸಲ ಅಳೆಯುತ್ತಿತ್ತು. ಭೂಮಿಯೊಳಗಿನ ಒಂದು ಸಿಡಿತದ ಅಲೆ ಯಾವ ಪೆಟ್ಟಿಗೆಗೆ ಮೊದಲು ಮುಟ್ಟಿತು, ಯಾವುದಕ್ಕೆ ಎಷ್ಟು ತಡವಾಗಿ ಮುಟ್ಟಿತು ಎಂಬುದರಿಂದಲೇ ಸಿಡಿತದ ತಾಣವನ್ನು ಊಹಿಸಬೇಕು. ಅಲೆ ಸೆಕೆಂಡಿಗೆ ಎರಡು ಕಿಲೋಮೀಟರ್ ಓಡುತ್ತದೆಂದು ಹಿಡಿದರೆ ಹತ್ತು ಮಿಲಿಸೆಕೆಂಡಿನ ತಪ್ಪೆಂದರೆ ೨೦ ಮೀಟರಿನ ತಪ್ಪು. ಅಷ್ಟರೊಳಗೆ ವೇಳೆ ಹೊಂದಲೇಬೇಕೆಂದು ತಜ್ಞರ ಬೇಡಿಕೆ. ಮೈಕ್ರೊಸೆಕೆಂಡುಗಳ ಉಪಾಯ ಕೈಯಲ್ಲಿರುವಾಗ ಹತ್ತು ಮಿಲಿಸೆಕೆಂಡು ಯಾವ ಲೆಕ್ಕ? ಮೇಲೆ ಹೇಳಿದ ಎರಡನೆಯ ಉಪಾಯವನ್ನೇ ಅವರು ಬಳಸಿದರು. ಒಂದು ಪೆಟ್ಟಿಗೆಗೆ ಮಾತ್ರ ಉಪಗ್ರಹದಿಂದ ವೇಳೆಯನ್ನು ಪಡೆಯುವ ಸಾಧನವಿತ್ತು. ಉಳಿದವು ಅದನ್ನು ಅನುಸರಿಸಬೇಕು. ಎಲ್ಲಕ್ಕೂ ಆ ಸಾಧನವನ್ನೇ ಕೊಡಬಾರದಿತ್ತೇ ಎಂದರೆ, ಅದರ ಬೆಲೆಯೂ ಅದು ಕುಡಿಯುವ ಬ್ಯಾಟರಿಯೂ ಅಡ್ಡಬರುತ್ತವೆ.

೧೯ ದಿನಗಳಲ್ಲಿ ೨೨೯ ಸಿಡಿತ ಕಂಪನಾದಿಗಳು ದಾಖಲಾದವು. ಆದರೆ ದಾಖಲೆಗಳನ್ನು ಬಿಚ್ಚಿ ನೋಡಲಾಗಿ, ಪ್ರಯೋಗಶಾಲೆಯಲ್ಲಿ ನೆಟ್ಟಗಿದ್ದ ಏರ್ಪಾಡು ಬೆಟ್ಟದ ಮೇಲೆ ಆಗಾಗ ದಾರಿ ತಪ್ಪಿತ್ತು. ಕೆಲವು ಪೆಟ್ಟಿಗೆಗಳು ಯಜಮಾನನ ವೇಳೆಯೆಂದು ನಂಬಿ ಬೇರೆ ಏನನ್ನೋ ಸಾರಿದ್ದವು. ವೇಳೆ ತಪ್ಪಿದ ದಾಖಲೆಯೆಂದರೆ ಪುಟಗಳ ಅಂಕೆ ಅಳಿಸಿ ಕಲಸಿಹಾಕಿದ ಪುಸ್ತಕ. ಜ್ವಾಲಾಮುಖಿಯನ್ನು ಇನ್ನೊಮ್ಮೆ ಹಾಗೆಯೇ ಸಿಡಿ ಎಂದು ಕೇಳುವಂತಿಲ್ಲವಷ್ಟೆ.

ಇಲ್ಲಿ ನೆರವಿಗೆ ಬಂದುದು ಮುಳ್ಳನ್ನು ಮುಟ್ಟದಿದ್ದ ಆ ಪದ್ಧತಿ. ಪ್ರತಿ ಪೆಟ್ಟಿಗೆಯ ಸ್ವಂತ ಗಡಿಯಾರವು, ಸಾಧಾರಣ ಹರಳಿನದಾದರೂ, ತನ್ನ ನಡಿಗೆಯನ್ನು ಬಿಟ್ಟಿರಲಿಲ್ಲ. "ನನ್ನ ವೇಳೆ ಇಷ್ಟು, ಯಜಮಾನನ ವೇಳೆ ಇಷ್ಟು" ಎಂದು ಅದು ಆಗಾಗ ಕಳಿಸಿದ ವರದಿಗಳೂ ಉಳಿದಿದ್ದವು. ಸಂಶೋಧಕರು ಆ ಜೋಡಿ ಅಂಕೆಗಳನ್ನು ಪರಿಶೀಲಿಸಿ, ಸಾಲನ್ನು ಬಿಟ್ಟು ದೂರ ಬಿದ್ದವನ್ನು ತೆಗೆದುಹಾಕಿ, ಉಳಿದವುಗಳ ಆಧಾರದಿಂದ ಪ್ರತಿ ಪೆಟ್ಟಿಗೆಗೂ ಹೊಸದಾಗಿ ಸರಳರೇಖೆಯನ್ನು ಎಳೆದರು. ಅದರ ಮೇಲೆ ದಾಖಲೆಗಳ ವೇಳೆಯನ್ನು ತಿದ್ದಿ ಬರೆದರು. ಪೆಟ್ಟಿಗೆಗಳು ತಪ್ಪು ವೇಳೆಯನ್ನು ಕೇಳಿದಾಗಲೆಲ್ಲ ತಮ್ಮ ಮುಳ್ಳನ್ನೇ ತಿರುಗಿಸಿಬಿಟ್ಟಿದ್ದರೆ ಈ ತಿದ್ದುಪಡಿಗೆ ಆಧಾರವೇ ಸಿಗುತ್ತಿರಲಿಲ್ಲ.

ಇನ್ನು ನಮ್ಮ ಊರಿನ ಮಾತಿಗೆ ಬರೋಣ. ೨೦೨೨ರ ಅಕ್ಟೋಬರಿನಲ್ಲಿ ಐದನೆಯ ತಲೆಮಾರಿನ ಮೊಬೈಲ್ ಸೇವೆ ಮುಂಬಯಿಗೆ ಬಂದಿತು. ಈ ಸೇವೆಯ ಬಹುಭಾಗದಲ್ಲಿ ಗೋಪುರವು ಒಂದೇ ತರಂಗಪಟ್ಟಿಯಲ್ಲಿ ಸರದಿಯ ಮೇರೆಗೆ ಮಾತನಾಡುತ್ತದೆ, ಆಲಿಸುತ್ತದೆ. ಒಂದು ಗೋಪುರ ನಿಮ್ಮ ಫೋನಿನ ಕ್ಷೀಣವಾದ ದನಿಗೆ ಕಿವಿಗೊಟ್ಟಿರುವಾಗ ಪಕ್ಕದ ಗೋಪುರ ಗಟ್ಟಿಯಾಗಿ ಕೂಗಿದರೆ ನಿಮ್ಮ ದನಿ ಅದರಲ್ಲಿ ಮುಳುಗಿಹೋಗುತ್ತದೆ. ಆದುದರಿಂದ ನೆರೆಯ ಗೋಪುರಗಳೆಲ್ಲ ಏಕಕಾಲಕ್ಕೆ ಮಾತನಾಡಿ ಏಕಕಾಲಕ್ಕೆ ಸುಮ್ಮನಾಗಬೇಕು. ಅವುಗಳ ನಡುವೆ ಮೂರು ಮೈಕ್ರೊಸೆಕೆಂಡಿಗಿಂತ ಹೆಚ್ಚಿನ ಅಂತರ ಇರಕೂಡದೆಂಬುದು ನಿಯಮ. ಉಪಗ್ರಹಗಳಲ್ಲಿರುವ ಪರಮಾಣು ಗಡಿಯಾರಗಳಿಂದಲೋ ನೆಲದೊಳಗಿನ ತಂತುಗಳ ಮೂಲಕವೋ ಅವು ವೇಳೆಯನ್ನು ಪಡೆಯುತ್ತವೆ. ತಂತುವಿನ ಮೂಲಕ ಪಡೆಯುವಾಗ ಲೆಕ್ಕ ಮತ್ತೆ ಅದೇ, ಚೀಟಿ ಹೊತ್ತ ತಮ್ಮನದು. ಹೋಗುವ ದಾರಿ ಬರುವ ದಾರಿಗಳ ಉದ್ದ ಸಮಾನವಾಗಿರುವಂತೆ ಎಂಜಿನಿಯರುಗಳು ಅಲ್ಲೂ ಎಚ್ಚರ ವಹಿಸಬೇಕು. ಇನ್ನು ದೇಶಕ್ಕೆಲ್ಲ ಪ್ರಮಾಣವಾದ ವೇಳೆಯನ್ನು ಸೀಸಿಯಮ್ ಎಂಬ ಧಾತುವಿನ ಪರಮಾಣು ಗಡಿಯಾರಗಳಿಂದ ಕಾಯ್ದುಕೊಂಡಿರುವುದು ಹೊಸದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ.

ಆಸಕ್ತಿಯುಳ್ಳವರು ಮನೆಯಲ್ಲೇ ಮಾಡಬಹುದಾದ ಪ್ರಯೋಗವೊಂದನ್ನು ಹೇಳಿ ಮುಗಿಸುತ್ತೇನೆ. ಸೆಕೆಂಡಿನ ಮುಳ್ಳಿರುವ ಎರಡು ಸಾಧಾರಣ ಗಡಿಯಾರಗಳನ್ನು ಆರಿಸಿಕೊಳ್ಳಿ. ಒಂದು ಬಿಸಿಲು ಬೀಳುವ ಕಿಟಕಿಯ ಬಳಿ ಇರಲಿ, ಇನ್ನೊಂದು ಕಪಾಟಿನೊಳಗಿರಲಿ. ಮೊಬೈಲ್ ಫೋನು ಜಾಲದಿಂದ ತಾನಾಗಿ ಪಡೆಯುವ ವೇಳೆಯನ್ನು ಪ್ರಮಾಣವಾಗಿ ಇಟ್ಟುಕೊಂಡು, ಎಂಟು ದಿನ ಪ್ರತಿ ಸಂಜೆ ಒಂದೇ ಹೊತ್ತಿಗೆ ಎರಡರ ಅಂತರವನ್ನೂ ಪುಸ್ತಕದಲ್ಲಿ ಬರೆಯಿರಿ. ಮುಳ್ಳನ್ನು ಮಾತ್ರ ಮುಟ್ಟಕೂಡದು. ಎಂಟು ಚುಕ್ಕೆಗಳನ್ನೂ ಆಲೇಖ ಕಾಗದದ ಮೇಲೆ ಗುರುತಿಸಿ, ರೇಖೆಯೆಳೆದು, ಹದಿನೈದನೆಯ ಸಂಜೆ ಅಂತರ ಎಷ್ಟಿರಬೇಕೆಂದು ಮೊದಲೇ ಬರೆದಿಡಿ. ಆ ಸಂಜೆ ನೋಡಿದ ಮೇಲೆ, ಊಹೆ ಹೊಂದಿದ್ದರೂ ಸರಿಯೆ, ಹೊಂದದಿದ್ದರೂ ಸರಿಯೆ, ಪುಸ್ತಕವನ್ನು ನನ್ನ ಬಳಿಗೆ ತಂದು ತೋರಿಸಿ.